ನೂರ ಹದಿನೇಳನೆಯ ಸಾಲಿನ ಅಂಚು

ಹೊಲಿಗೆಯಮ್ಮ ಕಾಯುವ ಪೈಕಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಕೆಯ ಪರಿಚಯವಾದದ್ದೇ ಈ ವಿಷಯಕ್ಕೆ ಜಗಳವಾಡಿ. ಗ್ರಂಥಾಲಯದ ಹಿಂಭಾಗದಲ್ಲಿ ನನ್ನ ಬೈಂಡಿಂಗ್ ಕೋಣೆ, ಅದರ ಪಕ್ಕಕ್ಕೇ ಹಳೆಯ ದಾಖಲೆಗಳ ಕೋಣೆ. ದಾಖಲೆ ಕೋಣೆಯ ಮೇಡಂ ಊಟಕ್ಕೆ ಹೋದಾಗ ಬಂದವರನ್ನು ಕೂರಿಸುವ ಉಸ್ತುವಾರಿ ನನ್ನದು. ಕೈಯೆಲ್ಲ ಅಂಟು ಮೆತ್ತಿಕೊಂಡಿರುವವನಿಗೆ ಇದೊಂದು ಬೇರೆ. ಅವತ್ತು ಹಾಗೆಯೇ ಒಬ್ಬರು ಹೆಂಗಸು ಬಾಗಿಲಲ್ಲಿ ಬಂದು ನಿಂತರು. ತೆಳ್ಳಗೆ, ಎತ್ತರಕ್ಕಿದ್ದರು. ಹೆಗಲಿಗೆ ಬಟ್ಟೆಯ ಚೀಲ, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ.

"ಮೇಡಂ ಊಟಕ್ಕೆ ಹೋಗಿದಾರೆ. ಅರ್ಧ ಗಂಟೆ ಕೂತ್ಕೊಳ್ಳಿ," ಅಂದೆ.

"ಕಾಯೋದು ನನ್ನ ಕೈಲಾಗಲ್ಲ. ನೀವೇ ಹುಡುಕಿ ಕೊಡಿ."

"ಏನು ಹುಡುಕಿ ಕೊಡ್ಲಿ?"

"ನಮ್ಮಕ್ಕನ್ನ."

ನಾನು ಆಕೆಯನ್ನು ಮೇಲಿಂದ ಕೆಳಗೆ ನೋಡಿದೆ. "ಇದು ಲೈಬ್ರರಿ ಕಣಮ್ಮಾ. ಪುಸ್ತಕ ಸಿಗುತ್ತೆ, ಅಕ್ಕ ತಂಗೀರು ಸಿಗಲ್ಲ," ಅಂದೆ. ಜಾಣತನದ ಮಾತು ಆಡಿದೆನೆಂದು ಒಳಗೊಳಗೇ ಖುಷಿಯೂ ಆಯಿತು. ಆಕೆ ನಗಲಿಲ್ಲ. ಬಂದ ದಾರಿಯಲ್ಲೇ ಹೊರಟುಹೋದರು. ಪೀಡೆ ತೊಲಗಿತು ಅಂದುಕೊಂಡೆ. ಮುಂದಿನ ಮಂಗಳವಾರ ಹನ್ನೊಂದು ಗಂಟೆಗೆ ಸರಿಯಾಗಿ, ಮೇಡಂ ಕುರ್ಚಿಯಲ್ಲಿರುವ ಹೊತ್ತು ನೋಡಿಕೊಂಡು, ಮತ್ತೆ ಬಂದರು.

ಆಕೆ ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದು ಆಗಷ್ಟೇ ನಿವೃತ್ತರಾಗಿದ್ದವರು. ಆಸ್ಪತ್ರೆಯಲ್ಲಿ ಹೊಲಿಗೆಗೇನು ಕೆಲಸ ಎಂದು ನಾನೂ ಮೂಗು ಮುರಿದಿದ್ದೆ. ಬೇಕಾದಷ್ಟು ಇದೆಯಂತೆ. ವೈದ್ಯರ ನಿಲುವಂಗಿ, ದಿಂಬಿನ ಚೀಲ, ಕಿಟಕಿಯ ಪರದೆ, ಎಲ್ಲಕ್ಕಿಂತ ಹೆಚ್ಚಾಗಿ ಹಾಸಿಗೆಯ ಚಾದರ. ರೋಗಿ ಮಲಗಿ ಮಲಗಿ ಚಾದರ ಯಾವಾಗಲೂ ನಡುವೆಯೇ ಸವೆಯುತ್ತದೆ. ಅದನ್ನು ನಡುವೆ ಉದ್ದಕ್ಕೆ ಸೀಳಿ, ಗಟ್ಟಿಯಾಗಿ ಉಳಿದಿರುವ ಎರಡೂ ಅಂಚುಗಳನ್ನು ಮಧ್ಯಕ್ಕೆ ತಂದು ಜೋಡಿಸಿ ಹೊಲಿದರೆ ಇನ್ನೆರಡು ವರ್ಷ ಬರುತ್ತದೆ. "ಬಟ್ಟೇಲಿ ಜೀವ ಇರೋದೇ ಅಂಚಲ್ಲಿ," ಎಂದು ಆಕೆ ಒಮ್ಮೆ ನನಗೆ ಪಾಠ ಹೇಳಿದರು. ಗಂಡ ಅದೇ ಆಸ್ಪತ್ರೆಯ ಆಂಬುಲೆನ್ಸ್ ಓಡಿಸುತ್ತಿದ್ದರು, ತೀರಿಕೊಂಡು ಆರು ವರ್ಷ. ಮಗಳು ಮೂರು ಬೀದಿಯಾಚೆ ಸಂಸಾರ ಹೂಡಿಕೊಂಡು ಇದ್ದಾಳೆ. ಬಸ್ಸು ಐದು ನಿಮಿಷ ತಡವಾದರೆ ಹೊಲಿಗೆಯಮ್ಮ ನಡೆದೇ ಹೊರಡುವವರು. ಮಗಳ ಮದುವೆಯ ದಿನ ಫೋಟೋದವನು ಬರುವುದು ತಡವಾಯಿತೆಂದು ಅವನನ್ನು ಹುಡುಕಿಕೊಂಡು ಇವರೇ ಹೋಗಿದ್ದರಂತೆ. ಹಾಗಾಗಿ ಆ ದಿನದ ಒಂದು ಫೋಟೋದಲ್ಲೂ ಹೆತ್ತ ತಾಯಿ ಇಲ್ಲ.

ಇಷ್ಟು ಆತುರದ ಹೆಂಗಸು ಜೀವಮಾನವಿಡೀ ಒಬ್ಬಳಿಗಾಗಿ ಕಾದಿದ್ದರು ಎಂಬುದು ನನಗೆ ಗೊತ್ತಾದದ್ದು ಮೇಡಂ ಅವರಿಂದ.

ಮೇಡಂ ಮಾತು ಕಡಿಮೆಯವರು. ದಾಖಲೆ ಕೋಣೆಯೊಳಗೆ ಪೆನ್ನು ತಂದವರನ್ನು ಕಣ್ಣಲ್ಲೇ ಸುಟ್ಟುಬಿಡುತ್ತಾರೆ, ಅಲ್ಲಿ ಪೆನ್ಸಿಲ್ ಮಾತ್ರ. ಹೊಲಿಗೆಯಮ್ಮನ ಕೈಗೂ ಒಂದು ಪೆನ್ಸಿಲ್ ಕೊಟ್ಟು, "ಮೊದ್ಲು ಗೊತ್ತಿರೋದನ್ನೆಲ್ಲ ಬರೀರಿ. ಗೊತ್ತಿಲ್ಲದ್ದು ಆಮೇಲೆ," ಎಂದರು.

ಗೊತ್ತಿದ್ದುದು ಅರ್ಧ ಹಾಳೆಯೂ ತುಂಬಲಿಲ್ಲ. ಅಪ್ಪ ಗಿರಣಿಯಲ್ಲಿದ್ದ, ಮೊದಲೇ ಸತ್ತಿದ್ದ. ಮನೆ ಇಳಿಜಾರಿನ ಬೀದಿಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ. ತನಗೆ ಐದು ವರ್ಷವಾಗಿದ್ದಾಗ ಅಮ್ಮನೂ ಹೋದಳು. ಅಕ್ಕನಿಗೆ ಆಗ ಹತ್ತು. ಅಕ್ಕ ಶಾಲೆಗೆ ಹೋಗುವಾಗ ಇವಳನ್ನು ಸೊಂಟದ ಮೇಲೆ ಹೊತ್ತುಕೊಂಡೇ ಹೋಗುತ್ತಿದ್ದಳು. ಅಮ್ಮ ಹೋದ ವಾರದೊಳಗೆ ಒಂದು ದಿನ, ಶಾಲೆಯ ಹಸಿರು ಗೇಟಿನ ಹತ್ತಿರ ಇವಳನ್ನು ಇಳಿಸಿ, "ನೀನು ಇಲ್ಲೇ ನಿಂತಿರು, ಬಂದೆ," ಎಂದು ಒಳಗೆ ಹೋದಳು. ಇವಳು ನಿಂತಳು. ಗಂಟೆ ಹೊಡೆಯಿತು, ಮಕ್ಕಳೆಲ್ಲ ಹೊರಗೆ ಬಂದರು, ಅಕ್ಕ ಬರಲಿಲ್ಲ. ಸಂಜೆ ಚಿಕ್ಕಮ್ಮ ಬಂದು ಕೈಹಿಡಿದು ಎಳೆದುಕೊಂಡು ಹೋದಳು. ಮೂರನೆಯ ದಿನ ಚಿಕ್ಕಮ್ಮನ ಸಂಸಾರ ಊರನ್ನೇ ಬಿಟ್ಟಿತು, ಇವಳೂ ಅವರ ಜೊತೆ. "ದೊಡ್ಡಪ್ಪ ಕರೆದಾಗ ನಿಮ್ಮಕ್ಕ ಹಿಂದೆ ತಿರುಗಿ ಸಹ ನೋಡ್ಲಿಲ್ಲ. ನಿನ್ನನ್ನ ಬಿಟ್ಟುಹೋದ್ಲು. ನಾನು ಸಾಕಿದೆ," ಎಂದು ಚಿಕ್ಕಮ್ಮ ಸಾಯುವವರೆಗೂ ಹೇಳುತ್ತಲೇ ಇದ್ದಳಂತೆ. ದೊಡ್ಡಪ್ಪ ಯಾವ ಊರಿನವನು ಎಂದು ಕೇಳಿದರೆ ಮಾತ್ರ ಬಾಯಿಗೆ ಬೀಗ.

"ಅವಳು ಸಿಗ್ತಾಳೆ ಅಂತ ನನಗೇನೂ ಭರವಸೆ ಇಲ್ಲ ಮೇಡಂ," ಎಂದು ಹೊಲಿಗೆಯಮ್ಮ ಹೇಳಿದ್ದನ್ನು ನಾನು ಗೋಡೆಯಾಚೆಯಿಂದ ಕೇಳಿಸಿಕೊಂಡೆ. "ನನಗೆ ಬೇಕಾಗಿರೋದು ಒಂದೇ. ಬಂದೆ ಅಂದೋಳು ಬಂದ್ಲಾ, ಇಲ್ವಾ? ಚಿಕ್ಕಮ್ಮ ಹೇಳಿದ್ದು ನಿಜಾನಾ, ಸುಳ್ಳಾ? ಐವತ್ತಾರು ವರ್ಷ ಆಯ್ತು. ಇಷ್ಟು ಗೊತ್ತಾದ್ರೆ ಸಾಕು."

ಅಲ್ಲಿಂದ ಪ್ರತಿ ಮಂಗಳವಾರ. ಪುರಸಭೆಯ ಮನೆ ಕಂದಾಯದ ಪುಸ್ತಕದಲ್ಲಿ ಇಳಿಜಾರಿನ ಬೀದಿಗಳನ್ನೆಲ್ಲ ಒಂದೊಂದಾಗಿ ನೋಡಿ ಅಪ್ಪನ ಹೆಸರು ಹುಡುಕುವುದಕ್ಕೇ ಎರಡು ತಿಂಗಳು ಹಿಡಿಯಿತು. ಮರಣದ ಪುಸ್ತಕದಲ್ಲಿ ಅಮ್ಮ ಹೋದ ತಾರೀಖು ಸಿಕ್ಕಿತು. ಆ ಸಾಲಿನ ಮೇಲೆ ಹೊಲಿಗೆಯಮ್ಮ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಬೆರಳು ತಾಗಿಸಬಾರದು ಎಂಬುದು ನಿಯಮ, ಆದರೆ ಮೇಡಂ ಕಿಟಕಿಯ ಕಡೆ ಮುಖ ಮಾಡಿಕೊಂಡರು. ಕೊನೆಗೆ ಹಳೆಯ ನಕ್ಷೆ ಬಿಚ್ಚಿ, ಆ ಮನೆಗೆ ಹತ್ತಿರವಿದ್ದ ಶಾಲೆ ಯಾವುದೆಂದು ಗುರುತು ಮಾಡಿದರು. ಆ ಶಾಲೆ ಮುಚ್ಚಿ ಇಪ್ಪತ್ತೆಂಟು ವರ್ಷವಾಗಿತ್ತು.

"ನಿಮ್ಮ ಅದೃಷ್ಟ ಚೆನ್ನಾಗಿದೆ," ಎಂದರು ಮೇಡಂ. "ಶಾಲೆ ಮುಚ್ಚಿದಾಗ ರಿಜಿಸ್ಟರೆಲ್ಲ ನಮ್ಮಲ್ಲಿಗೇ ಬಂದ್ವು. ಒಂಬತ್ತೂ ಇವೆ. ನಮ್ಮ ಬೈಂಡರ್ ಅವ್ರೇ ಕಟ್ಟಿದ್ದು."

ನಾನು ಎದೆಯುಬ್ಬಿಸಿಕೊಂಡು ಒಳಗೆ ಹೋಗಿ ನಿಂತೆ. ಆ ಒಂಬತ್ತು ರಿಜಿಸ್ಟರುಗಳೆಂದರೆ ನನಗೆ ಅಷ್ಟು ಹೆಮ್ಮೆ. ಮೂರು ಬೇರೆ ಬೇರೆ ಅಳತೆಯಲ್ಲಿ, ಅಂಚೆಲ್ಲ ಮುದುರಿ ಬಂದಿದ್ದವು. ಎಲ್ಲವನ್ನೂ ಕತ್ತರಿಯಂತ್ರಕ್ಕೆ ಕೊಟ್ಟು ಒಂದೇ ಅಳತೆಗೆ ತಂದು, ಕಪಾಟಿನಲ್ಲಿ ಒಂದೇ ಸಮನೆ ನಿಲ್ಲುವಂತೆ ಕಟ್ಟಿದ್ದೆ. ಆಗಿನ ಹಿರಿಯ ಗ್ರಂಥಪಾಲಕರು ಬಂದವರಿಗೆಲ್ಲ ಅವನ್ನು ತೋರಿಸಿ ನನ್ನ ಬೆನ್ನು ತಟ್ಟುತ್ತಿದ್ದರು.

ಮೇಡಂ ಪುಟ ತಿರುವಿದರು. ನೂರ ಹದಿನೇಳನೆಯ ಸಾಲಿನಲ್ಲಿ ಅಕ್ಕನ ಹೆಸರಿತ್ತು. ಹುಟ್ಟಿದ ದಿನ, ಅಪ್ಪನ ಹೆಸರು, ಇಳಿಜಾರಿನ ಬೀದಿ, ಎಲ್ಲವೂ ದುಂಡು ಅಕ್ಷರದಲ್ಲಿ. ಹೊಲಿಗೆಯಮ್ಮ ಅಕ್ಕನ ಹೆಸರನ್ನು ಮೆಲ್ಲಗೆ ಎರಡು ಸಲ ಹೇಳಿಕೊಂಡರು. ಶಾಲೆ ಬಿಟ್ಟ ದಿನ ಎಂಬಲ್ಲಿ ತಾರೀಖಿತ್ತು. ಅದರ ಪಕ್ಕ, ಬಿಟ್ಟ ಕಾರಣ ಎಂಬ ಇಕ್ಕಟ್ಟಿನ ಕಾಲಮ್ಮಿನಲ್ಲಿ, ಎರಡೇ ಪದ: "ಅಂಚು ನೋಡಿ."

ಮೂವರೂ ಅಂಚು ನೋಡಿದೆವು. ಅಂಚಿರಲಿಲ್ಲ. ಕಾಲಮ್ಮಿನ ಗೆರೆ ಮುಗಿದದ್ದೇ ತಡ ಪುಟವೂ ಮುಗಿದಿತ್ತು, ನನ್ನ ಯಂತ್ರ ನೇರವಾಗಿ, ನುಣುಪಾಗಿ ಕತ್ತರಿಸಿದ ಜಾಗದಲ್ಲಿ.

ತಪ್ಪು ನನ್ನದೆಂದು ಗೊತ್ತಾಯಿತು. ಆದರೆ ಬಾಯಿಂದ ಬಂದದ್ದು ಸಿಟ್ಟು. "ಆ ಹೆಡ್‌ಮಾಸ್ಟರಿಗೆ ಬುದ್ಧಿ ಬೇಡ್ವಾ? ಅಂಚು ಇರೋದು ಬರೆಯೋಕಾ? ಕಾಲಮ್ ಅಂತ ಯಾಕೆ ಹಾಕ್ತಾರೆ ಹಾಗಾದ್ರೆ?" ಎಂದು ಕೂಗಾಡಿದೆ. ಮೇಡಂ ಇನ್ನೂ ನಾಲ್ಕು ಪುಟ ತಿರುವಿದರು. ಪುಟಕ್ಕೆ ಮೂರು ನಾಲ್ಕು ಕಡೆ ಅದೇ ಮಾತು, ಅಂಚು ನೋಡಿ, ಅಂಚು ನೋಡಿ. ನಾನು ಕೈ ಕೈ ಹಿಸುಕಿಕೊಂಡು ನನ್ನ ಕೋಣೆಗೆ ಬಂದು ಕೂತೆ. ಹೊಲಿಗೆಯಮ್ಮ ಚೀಲ ಹೆಗಲಿಗೆ ಹಾಕಿಕೊಂಡು, ನನ್ನ ಬಾಗಿಲ ಮುಂದೆಯೇ ಹಾದು ಹೋದರು. ಒಂದು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಮಂಗಳವಾರ ಆಕೆ ಬರುವುದಿಲ್ಲವೆಂದೇ ತಿಳಿದಿದ್ದೆ. ಬಂದರು, ನೇರ ನನ್ನ ಕೋಣೆಗೇ. ಆ ಒಂದು ವಾರ ನನ್ನೊಳಗೆ ಕೊರೆಯುತ್ತಿದ್ದುದನ್ನು ಹೇಳದೆ ಇರಲಾಗಲಿಲ್ಲ.

"ಅಮ್ಮಾ, ಅದನ್ನ ಕತ್ತರಿಸಿದ್ದು ನಾನು."

"ಗೊತ್ತು."

"ಅಷ್ಟೇ ಅಲ್ಲ. ಕತ್ತರಿ ಇಳಿಸುವಾಗ ಅಂಚಲ್ಲಿ ಶಾಯಿ ಕಂಡಿತ್ತು. ಏನೋ ಗೀಚಿದಾರೆ ಅಂದ್ಕೊಂಡೆ. ನಿಲ್ಲಿಸಿ ಓದ್ಬಹುದಿತ್ತು, ಓದ್ಲಿಲ್ಲ. ಎಲ್ಲ ಒಂದೇ ಸಮ ಬರ್ಬೇಕು ಅನ್ನೋ ಹಟ."

ಹೊಲಿಗೆಯಮ್ಮ ಯಂತ್ರದ ಕಡೆ ನೋಡಿದರು, ಮೇಜಿನ ಮೇಲಿನ ರಟ್ಟು, ದಾರದುಂಡೆ, ಅಂಟಿನ ಡಬ್ಬಿ, ಎಲ್ಲ ನೋಡಿದರು. ಆಮೇಲೆ ಕೇಳಿದರು: "ತುಂಡೆಲ್ಲ ಏನ್ ಮಾಡಿದ್ರಿ?"

"ಯಾವ ತುಂಡು?"

"ಕತ್ತರಿಸಿದ್ಮೇಲೆ ತುಂಡು ಉಳಿಯುತ್ತಲ್ಲ. ಅಷ್ಟು ಒಳ್ಳೆ ಗಟ್ಟಿ ಕಾಗ್ದ. ಎಸೆದ್ಬಿಟ್ರಾ? ನಾನಾಗಿದ್ರೆ ಪ್ರಾಣ ಹೋದ್ರೂ ಎಸೀತಿರ್ಲಿಲ್ಲ."

ನಾನೂ ಎಸೆಯುವವನಲ್ಲ! ಕೆಲಸ ಕಲಿಸಿದ ನನ್ನ ಯಜಮಾನ, ಗಟ್ಟಿ ಕಾಗದದ ಚೂರು ಕಸದಲ್ಲಿ ಕಂಡರೆ ಕಿವಿ ಹಿಂಡುತ್ತಿದ್ದ. ಪುಸ್ತಕ ಹೊಲಿದಾದ ಮೇಲೆ ಅದರ ಬೆನ್ನಿಗೆ ಮೂರು ನಾಲ್ಕು ಪದರ ಕಾಗದದ ಪಟ್ಟಿ ಅಂಟಿಸಬೇಕು, ಆಗಲೇ ಬೆನ್ನು ನಿಲ್ಲುವುದು. ಮೇಲೆ ಬಟ್ಟೆ ಬಂದರೆ ಪಟ್ಟಿ ಯಾರ ಕಣ್ಣಿಗೂ ಬೀಳುವುದಿಲ್ಲ. ರಿಜಿಸ್ಟರಿನ ಅಂಚುಗಳು ಅದಕ್ಕೆ ಹೇಳಿ ಮಾಡಿಸಿದಂತಿದ್ದವು. ಕಟ್ಟು ಕಟ್ಟಿ ಇಟ್ಟುಕೊಂಡಿದ್ದೆ.

ನನ್ನ ಕೆಲಸದ ಡೈರಿಗಳನ್ನೆಲ್ಲ ಕೆಳಗಿಳಿಸಿದೆ. ಯಾವ ದಿನ ಯಾವ ಪುಸ್ತಕ ಕಟ್ಟಿದೆನೆಂದು ಬರೆದಿಡುವ ಅಭ್ಯಾಸ ಅದೊಂದು ನನ್ನನ್ನು ಕಾಪಾಡಿತು. ಶಾಲೆಯ ರಿಜಿಸ್ಟರ್ ಮುಗಿದ ಮರುದಿನದಿಂದ ಪುರಸಭೆಯ ಸಭಾ ನಡಾವಳಿ, ಮೂವತ್ತಾರು ಸಂಪುಟ.

ಮೇಡಂ ಎದುರು ಹೋಗಿ ನಿಂತೆ. ಗಟ್ಟಿಮುಟ್ಟಾದ ಸಂಪುಟಗಳನ್ನು ಬಿಚ್ಚುವುದೆಂದರೆ ಅವರಿಗೆ ಮಗುವಿನ ಮೇಲೆ ಕತ್ತಿ ಇಟ್ಟ ಹಾಗೆ. "ಚೆನ್ನಾಗಿರೋದನ್ನ ಬಿಚ್ಚೋಕೆ ನಾನು ಬಿಡಲ್ಲ," ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಆಮೇಲೆ ಕನ್ನಡಕ ಒರೆಸುತ್ತಾ, "ಬೆನ್ನು ಸಡಿಲ ಆಗಿದ್ರೆ ರಿಪೇರಿ ಮಾಡೋದು ನಿಮ್ಮ ಕೆಲಸ. ಅದಕ್ಕೆ ನಾನ್ಯಾಕೆ ಬೇಡ ಅನ್ಲಿ?" ಎಂದರು.

"ಮೂವತ್ತಾರೂ ಸಡಿಲ ಆಗಿವೆ ಮೇಡಂ. ಕಟ್ಟಿದೋನು ಸರಿಯಾಗಿ ಕಟ್ಟಿಲ್ಲ," ಅಂದೆ. ನನ್ನ ಕೆಲಸವನ್ನು ನಾನೇ ಜರಿದದ್ದು ಜನ್ಮದಲ್ಲಿ ಅದೇ ಮೊದಲು. ಮೇಡಂ ಮುಖದಲ್ಲಿ ಒಂದು ಎಳೆ ನಗು ಬಂದು ಹೋಯಿತು. ವಾರಕ್ಕೆ ಒಂದೇ ಸಂಪುಟ, ಅದನ್ನು ಪೂರ್ತಿ ಕಟ್ಟಿ ಕೊಟ್ಟ ಮೇಲೆ ಇನ್ನೊಂದು ಎಂದು ಕರಾರು ಹಾಕಿದರು. ನನ್ನ ನಿವೃತ್ತಿಗೆ ಉಳಿದಿದ್ದುದು ಒಂಬತ್ತು ತಿಂಗಳು. ನನ್ನ ಹಿಂದೆ ಬರುವವನಿಗೆ ಈ ಉಸಾಬರಿ ಯಾಕೆ ಬೇಕು? ಆಗಿದ್ದರೆ ಅಷ್ಟರಲ್ಲೇ ಆಗಬೇಕಿತ್ತು.

ಬೆನ್ನಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅಂಟು ನೆನೆಯುವವರೆಗೆ ಬಿಡಬೇಕು. ಆ ಅರ್ಧ ಗಂಟೆ ಹೊಲಿಗೆಯಮ್ಮ ಕೋಣೆಯಲ್ಲಿ ನಿಲ್ಲುತ್ತಿರಲಿಲ್ಲ. ಕಟ್ಟಡಕ್ಕೆ ಮೂರು ಸುತ್ತು ಹಾಕಿ ಬರುತ್ತಿದ್ದರು. ಬಂದ ಮೇಲೆ ನಾನು ಪಟ್ಟಿಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದೆ, ಆಕೆ ಒಣ ಬಟ್ಟೆಯ ಮೇಲೆ ಹರಡಿ ಒತ್ತುತ್ತಿದ್ದರು. ಬಟ್ಟೆ ಹೊಲಿದು ಪಳಗಿದ ಕೈ, ಎಷ್ಟು ಹಗುರ! ನನಗೇ ಹೊಟ್ಟೆಕಿಚ್ಚಾಗುತ್ತಿತ್ತು. ಹೆಡ್‌ಮಾಸ್ಟರು ಪ್ರತಿ ಟಿಪ್ಪಣಿಯ ಮುಂದೆಯೂ ಸಾಲಿನ ಸಂಖ್ಯೆ ಹಾಕಿದ್ದರಿಂದ ಹುಡುಕುವುದು ಸುಲಭ. ನಮಗೆ ಬೇಕಾದದ್ದು ನೂರ ಹದಿನೇಳು.

ಸಿಕ್ಕಿದ್ದು ಉಳಿದವರದ್ದೆಲ್ಲ. "೮೪. ತಂದೆಗೆ ವರ್ಗವಾಯಿತು. ಹೋಗುವಾಗ ಬಹಳ ಅತ್ತ." "೨೦೩. ಹಲಗೆಯ ಮೇಲಿನ ಅಕ್ಷರ ಕಾಣಿಸದು. ಮುಂದೆ ಕೂರಿಸಿದೆ, ಪ್ರಯೋಜನವಾಗಲಿಲ್ಲ." "೫೧. ಬಲು ಚುರುಕು. ಬಿಡಿಸಬೇಡಿರೆಂದು ಎರಡು ಸಲ ಮನೆಗೆ ಹೋಗಿ ಹೇಳಿದೆ." ಓದುತ್ತ ಓದುತ್ತ, ನಾನು ಬಾಯಿಗೆ ಬಂದಂತೆ ಬೈದಿದ್ದ ಆ ಹೆಡ್‌ಮಾಸ್ಟರು ನನಗೆ ಹತ್ತಿರದವರಾಗತೊಡಗಿದರು. ಕಾಲಮ್ಮಿನಲ್ಲಿ ಹಿಡಿಸದಷ್ಟು ಮಕ್ಕಳ ಚಿಂತೆ ಇದ್ದ ಮನುಷ್ಯ. ಒಂದೊಂದು ಪಟ್ಟಿಯನ್ನೂ ಮೇಡಂ ಅದರದರ ಪುಟದ ಜೊತೆ ಲಕೋಟೆಯಲ್ಲಿಟ್ಟರು.

ಆ ದಿನಗಳಲ್ಲೇ ಒಮ್ಮೆ, ಸಲುಗೆ ಬೆಳೆದಿತ್ತಲ್ಲ, "ಅಕ್ಕಾ, ಟೀ ಕುಡೀತೀರಾ?" ಎಂದುಬಿಟ್ಟೆ. ನನಗಿಂತ ಎರಡು ವರ್ಷ ದೊಡ್ಡವರು, ಹಾಗೆ ಕರೆಯುವುದು ರೂಢಿ. ಆಕೆಯ ಕೈ ಪಟ್ಟಿಯ ಮೇಲೆ ಹಾಗೆಯೇ ನಿಂತಿತು.

"ಅಕ್ಕ ಅನ್ಬೇಡಿ. ಆ ಮಾತು ನಾನು ಕರೆಯೋಕೆ ಇಟ್ಕೊಂಡಿರೋದು, ಕರೆಸ್ಕೊಳ್ಳೋಕಲ್ಲ," ಎಂದರು. ಇನ್ನೊಂದು ಪಟ್ಟಿ ಎತ್ತಿಕೊಂಡು, "ಟೀ ತರ್ಸಿ. ಸಕ್ಕರೆ ಕಮ್ಮಿ," ಎಂದರು.

ಇಪ್ಪತ್ತು ಸಂಪುಟ ಆಯಿತು, ಇಪ್ಪತ್ತೈದಾಯಿತು. ನನಗೆ ಒಳಗೇ ದಿಗಿಲು. ಎಲ್ಲ ಅಂಚುಗಳೂ ಬೆನ್ನಿಗೆ ಹೋಗಿರಲಿಲ್ಲ. ಬಳಸಿ ಮಿಕ್ಕಿದ್ದು ಎಷ್ಟೋ ಆಮೇಲೆ ರದ್ದಿಗೂ ಹೋಗಿತ್ತು. ಅದನ್ನು ಆಕೆಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಆಕೆಗೆ ಗೊತ್ತಿತ್ತೆಂದು ಈಗ ಅನಿಸುತ್ತದೆ.

ಮೂವತ್ತೊಂದನೆಯ ಸಂಪುಟದ ಬೆನ್ನಿನಲ್ಲಿ ನಾಲ್ಕು ಪಟ್ಟಿಗಳಿದ್ದವು. ಮೂರನೆಯದನ್ನು ಎಬ್ಬಿಸಿ ಹೊರಳಿಸಿದೆ. ನೂರ ಹದಿನೈದು, ಯಾರಿಗೋ ಜ್ವರ. ಅದರ ಕೆಳಗೆ ನೂರ ಹದಿನೇಳು. ಪಟ್ಟಿಯನ್ನು ಒಣ ಬಟ್ಟೆಯ ಮೇಲೆ ಇಟ್ಟೆ.

"ಅಮ್ಮಾ," ಅಂದೆ.

ಆಕೆ ಕನ್ನಡಕ ಹಾಕಿಕೊಂಡರು, ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ನನಗೆ ಕಾಣಿಸ್ತಿಲ್ಲ. ನೀವೇ ಓದಿ," ಎಂದರು. ಅಷ್ಟು ಹೊತ್ತಿಗೆ ಮೇಡಂ ಕೂಡ ಬಾಗಿಲಿಗೆ ಬಂದಿದ್ದರು. ನಾನು ಓದಿದೆ.

"೧೧೭. ದೊಡ್ಡಪ್ಪ ಬಂದು ಹಿಂದಿನ ಬಾಗಿಲಿನಿಂದ ಕರೆದೊಯ್ದರು. ಬಾಲಕಿ, ತಂಗಿ ಗೇಟಿನಲ್ಲಿದ್ದಾಳೆಂದು ಕೂಗಿಕೊಂಡಳು, ಅವರು ಕೇಳಲಿಲ್ಲ. ಹದಿನೇಳು ದಿನದ ಮೇಲೆ ಬಾಲಕಿ ಒಬ್ಬಳೇ ನಡೆದು ಬಂದು ತಂಗಿಯನ್ನು ವಿಚಾರಿಸಿದಳು. ತಂಗಿ ಊರಲ್ಲಿಲ್ಲ, ವಿಳಾಸ ಯಾರಿಗೂ ತಿಳಿಯದು. ಹೇಳಿದರೂ ಹೋಗದೆ ಸಂಜೆಯವರೆಗೆ ಗೇಟಿನಲ್ಲೇ ನಿಂತಿದ್ದಳು. ದೊಡ್ಡಪ್ಪ ಬಂದು ಕರೆದೊಯ್ದರು."

ಅಷ್ಟೇ. ಯಾವ ಊರಿಗೆ ಎಂದಿರಲಿಲ್ಲ.

"ಬಂದಿದ್ಲಾ?" ಎಂದರು ಹೊಲಿಗೆಯಮ್ಮ.

"ಬಂದಿದ್ರು ಅಮ್ಮಾ."

"ಇನ್ನೊಂದ್ಸಲ ಓದಿ."

ಓದಿದೆ. ಮೂರನೆಯ ಸಲವೂ ಓದಿಸಿದರು. "ನಿಂತಿದ್ಲಾ? ಅದೇ ಗೇಟಲ್ಲಿ? ಸಂಜೆವರೆಗೂ?" ಎಂದವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಚಿಕ್ಕಮ್ಮನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. "ಅಷ್ಟು ದೂರ ಅವಳ ಜೊತೆ ಯಾರೂ ಇರ್ಲಿಲ್ವಲ್ಲ. ಹತ್ತು ವರ್ಷದ ಮಗು. ಕಾಲು ಎಷ್ಟು ನೋಯ್ತೋ ಏನೋ," ಎಂದು ಅದನ್ನೇ ಹೇಳಿದರು. ಮೇಡಂ ಹತ್ತಿರ ಬಂದು, ಹುಡುಗಿಯೊಬ್ಬಳು ನಡೆದು ಬರುವಷ್ಟು ಹತ್ತಿರದ ಊರುಗಳೆಂದರೆ ಎಷ್ಟಿರಬಹುದು, ಆ ಊರುಗಳ ಗ್ರಂಥಾಲಯಗಳಿಗೆಲ್ಲ ಇವತ್ತೇ ಕಾಗದ ಬರೆಯುತ್ತೇನೆ ಎಂದರು. ಹೊಲಿಗೆಯಮ್ಮ ತಲೆಯಾಡಿಸಿದರು. ಕೇಳಿಸಿಕೊಂಡರೋ ಇಲ್ಲವೋ.

ಆಮೇಲೆ ಪಟ್ಟಿಯನ್ನು ಅದರ ಪುಟಕ್ಕೆ ಸೇರಿಸುವ ಕೆಲಸ. ಸೂಜಿಯಲ್ಲಿ ತಾನೇ ಹೊಲಿಯುತ್ತೇನೆಂದು ಆಕೆ ಹಟ ಹಿಡಿದರು. ಕಾಗದ ಹರಿದೀತು, ಇದು ಚಾದರವಲ್ಲ ಎಂದು ತಿಳಿಹೇಳಿ ಒಪ್ಪಿಸಿದೆ. ಆಕೆ ಪಟ್ಟಿಯನ್ನು ಪುಟದ ಪಕ್ಕಕ್ಕೆ ತಂದು ಎರಡು ಬೆರಳಿನಲ್ಲಿ ಹಿಡಿದರು. ಕತ್ತರಿಸಿದ ಜಾಗಕ್ಕೆ ಕತ್ತರಿಸಿದ ಜಾಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ನಾನು ಹಿಂದಿನಿಂದ ತೆಳು ಕಾಗದ ಅಂಟಿಸಿ, ರಿಜಿಸ್ಟರನ್ನು ಪ್ರೆಸ್ಸಿನೊಳಗಿಟ್ಟು ತಿರುಪು ಬಿಗಿದೆ. ಒಂಬತ್ತರಲ್ಲಿ ಅದೊಂದು ಇನ್ನು ಉಳಿದವುಗಳ ಸಮಕ್ಕೆ ನಿಲ್ಲುವುದಿಲ್ಲ. ಆ ಪುಟ ಎರಡು ಬೆರಳಷ್ಟು ಆಚೆ ಚಾಚಿಕೊಂಡೇ ಇರುತ್ತದೆ.

ಗಡಿಯಾರದಲ್ಲಿ ಹನ್ನೆರಡೂಕಾಲು. "ಒಣಗೋಕೆ ಸಂಜೆ ಆಗುತ್ತೆ ಅಮ್ಮಾ. ನೀವು ಹೊರಡಿ, ಮುಂದಿನ ವಾರ ಬಂದು ನೋಡೀರಂತೆ," ಅಂದೆ.

ಹೊಲಿಗೆಯಮ್ಮ ಗೋಡೆಗೆ ಒರಗಿಸಿಟ್ಟಿದ್ದ ಸ್ಟೂಲನ್ನು ಪ್ರೆಸ್ಸಿನ ಮುಂದೆ ಎಳೆದುಕೊಂಡರು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

"ಕಾಯ್ತೀನಿ," ಎಂದರು.

ಐದೂವರೆಗೆ ನಾನು ತಿರುಪು ಸಡಿಲಿಸುವವರೆಗೂ ಆಕೆ ಅಲ್ಲಿಂದ ಏಳಲಿಲ್ಲ.